ಜೆ.ಸಿ. ರಸ್ತೆಯ ಹಲ್ಲುಪಟ್ಟಿ

ಬೆಂಗಳೂರಿನ ಪುರಭವನದ ಬಳಿ ಬಸ್ಸಿಳಿದು ಮಿನರ್ವ ವೃತ್ತದ ಕಡೆಗೆ ನಡೆದು ಹೊರಟವರಿಗೆ ಮೊದಲು ಸಿಗುವುದು ಕಲೆ, ಆಮೇಲೆ ಕಬ್ಬಿಣ. ರವೀಂದ್ರ ಕಲಾಕ್ಷೇತ್ರ, ಅದರ ಆವರಣದಲ್ಲೇ ಇರುವ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನ. ನಾಟಕ, ನೃತ್ಯ, ಪುಸ್ತಕ ಬಿಡುಗಡೆಗಳ ಈ ಲೋಕವನ್ನು ದಾಟುತ್ತಿದ್ದಂತೆ ಗಾಳಿಯ ವಾಸನೆಯೇ ಬದಲಾಗುತ್ತದೆ. ಹೊಸ ರಬ್ಬರು, ಗ್ರೀಸು, ರೆಕ್ಸಿನ್ನು, ಸುಟ್ಟ ಆಯಿಲ್ಲು, ನಡುವೆ ಯಾವುದೋ ದರ್ಶಿನಿಯ ಫಿಲ್ಟರ್ ಕಾಫಿ. ನಾಟಕಕ್ಕೆಂದು ಬಂದ ಕಾಲೇಜು ಹುಡುಗರು ಫುಟ್‌ಪಾತಿನ ಮೇಲೆ ಹರವಿದ ಚಕ್ರದ ಬಟ್ಟಲುಗಳನ್ನು ದಾಟಿಕೊಂಡೇ ಹೋಗಬೇಕು.

ರಸ್ತೆಗೆ ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರು. ಸ್ವತಃ ಸಂಗೀತ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು ಅವರು. ಅವರ ಹೆಸರಿನ ರಸ್ತೆಯಲ್ಲಿ ಈಗ ಹಾರನ್ನುಗಳದ್ದೇ ಕಛೇರಿ. ಪೂರ್ತಿ ಹೆಸರನ್ನು ಹೇಳುವ ತಾಳ್ಮೆ ಯಾರಿಗೂ ಇಲ್ಲವಾದ್ದರಿಂದ ಅದು ಎಲ್ಲರ ಬಾಯಲ್ಲೂ ಜೆ.ಸಿ. ರೋಡು. ಮೋಟಾರು ವಾಹನಗಳ ಬಿಡಿಭಾಗ ಎಂದರೆ ರಾಜ್ಯದ ಮೂಲೆಮೂಲೆಯ ಗ್ಯಾರೇಜಿನವರಿಗೂ ಈ ಒಂದು ಕಿಲೋಮೀಟರಿನಷ್ಟು ಉದ್ದದ ರಸ್ತೆಯೇ ನೆನಪಾಗುತ್ತದೆ. ತಮ್ಮೂರಿನಲ್ಲಿ ಸಿಗದ ಸಾಮಾನು ಇಲ್ಲಿ ಸಿಗದಿದ್ದರೆ, ಆ ಗಾಡಿಯ ಆಸೆ ಬಿಡಬಹುದು ಎನ್ನುವವರೂ ಇದ್ದಾರೆ. ಪಕ್ಕದಲ್ಲೇ ಕಲಾಸಿಪಾಳ್ಯ ಇರುವುದು ವ್ಯಾಪಾರಕ್ಕೆ ಅನುಕೂಲ. ಬೆಳಿಗ್ಗೆ ಬಸ್ಸಿಳಿದ ಮೆಕ್ಯಾನಿಕ್ ಸಾಮಾನು ಕಟ್ಟಿಸಿಕೊಂಡು ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೊರಡಬಹುದು.

ಎದುರು ಸಾಲಿನ ಅಂಗಡಿಗಳೆಲ್ಲ ಈಗ ಥಳಥಳ. ಸೀಟಿನ ಕವರು, ಸ್ಟೀರಿಯೊ, ಬಣ್ಣದ ದೀಪ, ಗಾಜಿಗೆ ಅಂಟಿಸುವ ಹಾಳೆ. ಹೊಸ ಕಾರು ಕೊಂಡವರು ಇಲ್ಲಿಗೇ ನಿಲ್ಲುತ್ತಾರೆ. ಹಳೆಯ ಕಾರಿನವರು ಮಾತ್ರ ಅಡ್ಡರಸ್ತೆಗಳಿಗೆ ತಿರುಗುತ್ತಾರೆ. ಅಲ್ಲಿ ಅಲಂಕಾರವಿಲ್ಲ. ನೆಲದಿಂದ ಮಾಳಿಗೆಯವರೆಗೆ ರಟ್ಟಿನ ಡಬ್ಬಿಗಳು, ಮೂಲೆಯಲ್ಲೊಂದು ಏಣಿ, ಗಲ್ಲಾದ ಹಿಂದೆ ಕನ್ನಡಕ ಹಣೆಗೇರಿಸಿದ ಯಜಮಾನರು. ಬಂದವರು ಬಾಯಿ ತೆರೆಯುವ ಮುನ್ನವೇ ಪ್ರಶ್ನೆ: 'ಗಾಡಿ ಯಾವುದು ಸಾರ್? ಮಾಡೆಲ್ ಎಷ್ಟು? ಪೆಟ್ರೋಲಾ, ಡೀಸೆಲ್ಲಾ?' ಉತ್ತರ ಪೂರ್ತಿಯಾಗುವಷ್ಟರಲ್ಲಿ ಹುಡುಗನೊಬ್ಬ ಏಣಿಯ ಅರ್ಧಕ್ಕೆ ಏರಿರುತ್ತಾನೆ.

ಹೀಗೆ ಏಣಿ ಹತ್ತಿ ಇಳಿಸುವ ಸಾಮಾನುಗಳಲ್ಲಿ ತೀರಾ ಸಾಧುವಾಗಿ ಕಾಣುವುದೊಂದಿದೆ. ಎರಡು ಬೆರಳಷ್ಟೂ ಅಗಲವಿರದ ಕಪ್ಪು ರಬ್ಬರಿನ ಪಟ್ಟಿ, ಒಳಮೈಯಲ್ಲಿ ಸಾಲಾಗಿ ಹಲ್ಲು. ಟೈಮಿಂಗ್ ಬೆಲ್ಟ್. ಇದಕ್ಕೆ ಕನ್ನಡದಲ್ಲಿ 'ಕಾಲಪಟ್ಟಿ' ಎಂದು ಹೆಸರಿಡಬಹುದು, ಆದರೆ ಜೆ.ಸಿ. ರಸ್ತೆಯಲ್ಲಿ ಹಾಗೆಂದು ಕೇಳಿದರೆ ಪಂಚಾಂಗದ ಅಂಗಡಿಗೆ ದಾರಿ ತೋರಿಸಿಯಾರು. ಸಣ್ಣ ಕಾರಿನದಾದರೆ ಬೆಲೆ ಕೆಲವೇ ನೂರು ರೂಪಾಯಿ. ಲಕ್ಷಗಟ್ಟಲೆಯ ಕಾರನ್ನು ಈ ಪಟ್ಟಿ ಕೆಡಿಸಬಲ್ಲದು ಎಂದರೆ ಮೊದಲ ಬಾರಿ ಕೇಳಿದವರು ನಂಬುವುದಿಲ್ಲ. ಕೈಯಲ್ಲಿ ಹಿಡಿದು, ಎಳೆದು ನೋಡಿ, 'ಇಷ್ಟೇನಾ?' ಎನ್ನುತ್ತಾರೆ.

ಇದರ ಕೆಲಸವೇನೆಂದು ತಿಳಿಯಲು ಎಂಜಿನ್ನಿನ ಒಳಗೆ ಸ್ವಲ್ಪ ಇಣುಕಬೇಕು. ಪಿಸ್ಟನ್ನು ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡಾಡುತ್ತದೆ ಎಂಬುದು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಆ ಓಡಾಟವನ್ನು ಕೆಳಗಿನ ಕ್ರ್ಯಾಂಕ್ ಶಾಫ್ಟ್ ತಿರುಗಾಟವಾಗಿ ಬದಲಿಸುತ್ತದೆ. ಮೇಲೆ, ಸಿಲಿಂಡರ್ ಹೆಡ್ಡಿನಲ್ಲಿ, ವಾಲ್ವುಗಳಿವೆ. ಒಂದು ತೆರೆದಾಗ ಗಾಳಿ ಮತ್ತು ಪೆಟ್ರೋಲು ಒಳಕ್ಕೆ, ಇನ್ನೊಂದು ತೆರೆದಾಗ ಹೊಗೆ ಹೊರಕ್ಕೆ. ಈ ಬಾಗಿಲುಗಳನ್ನು ತಕ್ಕ ಗಳಿಗೆಯಲ್ಲಿ ತೆರೆಯುವವನು ಕ್ಯಾಮ್ ಶಾಫ್ಟ್. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಕ್ಯಾಮು ಸರಿಯಾಗಿ ಒಂದು ಸುತ್ತು ತಿರುಗಬೇಕು. ಕೂದಲೆಳೆ ಹೆಚ್ಚಲ್ಲ, ಕಡಿಮೆಯಲ್ಲ. ಅದಕ್ಕಾಗಿಯೇ ಕ್ಯಾಮಿನ ಚಕ್ರಕ್ಕೆ ಕ್ರ್ಯಾಂಕಿನ ಚಕ್ರದ ಎರಡರಷ್ಟು ಹಲ್ಲು. ಇಬ್ಬರನ್ನೂ ಒಂದೇ ತಾಳಕ್ಕೆ ಕಟ್ಟಿಹಾಕುವುದು ಈ ಪಟ್ಟಿ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಲೆಕ್ಕವನ್ನು ಮಕ್ಕಳು ತಾವೇ ಮಾಡಿ ನೋಡಬಹುದು.

ಹಳ್ಳಿಯ ಮನೆಗಳಲ್ಲಿ ಇಬ್ಬರು ಹೆಂಗಸರು ಎದುರುಬದುರು ನಿಂತು ಒಂದೇ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದುದನ್ನು ಹಿರಿಯರು ಬಲ್ಲರು. ಒಬ್ಬಳ ಒನಕೆ ಕೆಳಗಿಳಿದಾಗ ಇನ್ನೊಬ್ಬಳದು ಮೇಲೆ. ಬಾಯಲ್ಲಿ ಹಾಡು, ಕೈಯಲ್ಲಿ ಲಯ. ಒರಳಿನ ಬಾಯಿ ಒಂದೇ, ಜಾಗ ಒಂದೇ, ಆದರೂ ಒನಕೆಗಳು ತಾಗುವುದಿಲ್ಲ. ಬಹಳಷ್ಟು ಎಂಜಿನ್ನುಗಳಲ್ಲಿ ಪಿಸ್ಟನ್ನು ಮತ್ತು ವಾಲ್ವಿನ ಸಂಬಂಧ ಇದೇ. ವಾಲ್ವು ಕೆಳಗೆ ಚಾಚಿ ನಿಲ್ಲುವ ಜಾಗಕ್ಕೇ ಮತ್ತೊಂದು ಗಳಿಗೆಯಲ್ಲಿ ಪಿಸ್ಟನ್ನು ಏರಿ ಬರುತ್ತದೆ. ಬೆಲ್ಟು ಹರಿದ ಕ್ಷಣ ಕ್ಯಾಮು ನಿಂತುಬಿಡುತ್ತದೆ, ಕೆಲವು ವಾಲ್ವುಗಳು ತೆರೆದ ಬಾಯಲ್ಲೇ ಉಳಿಯುತ್ತವೆ. ಕ್ರ್ಯಾಂಕಿಗೆ ಮಾತ್ರ ಗಾಡಿಯ ವೇಗ ಇನ್ನೂ ಉಳಿದಿದೆ. ಪಿಸ್ಟನ್ನು ಏರುತ್ತದೆ, ಬಡಿಯುತ್ತದೆ. ವಾಲ್ವಿನ ಕಾಂಡ ಬಾಗುತ್ತದೆ, ಗೈಡು ಬಿರಿಯುತ್ತದೆ, ಕೆಲವೊಮ್ಮೆ ಪಿಸ್ಟನ್ನಿನ ತಲೆಯೇ ತೂತಾಗುತ್ತದೆ. ಎಲ್ಲ ಮುಗಿಯಲು ಒಂದು ಸೆಕೆಂಡು ಬೇಡ.

ಎಲ್ಲ ಎಂಜಿನ್ನುಗಳೂ ಹೀಗಲ್ಲ. ಕೆಲವನ್ನು ಪಿಸ್ಟನ್ನೂ ವಾಲ್ವೂ ಎಂದೂ ತಾಗದಷ್ಟು ಅಂತರ ಬಿಟ್ಟು ಕಟ್ಟಿರುತ್ತಾರೆ. ಅಂಥ ಕಾರು ಬೆಲ್ಟು ಹರಿದರೆ ಸುಮ್ಮನೆ ನಿಲ್ಲುತ್ತದೆ. ಹೊಸ ಬೆಲ್ಟು ಹಾಕಿದರೆ ಹೊರಡುತ್ತದೆ. ಆದರೆ ಡೀಸೆಲ್ಲಿನಲ್ಲಿ ಆ ಔದಾರ್ಯಕ್ಕೆ ಜಾಗವಿಲ್ಲ. ಗಾಳಿಯನ್ನು ವಿಪರೀತ ಒತ್ತಿ ಅದರ ಬಿಸಿಯಿಂದಲೇ ಎಣ್ಣೆಗೆ ಬೆಂಕಿ ಹೊತ್ತಿಸುವ ಯಂತ್ರ ಅದು. ಪಿಸ್ಟನ್ನು ಮೇಲೇರಿದಾಗ ತಲೆಯ ಮೇಲೆ ಉಳಿಯುವ ಸಂದು ಅತ್ಯಲ್ಪ. ಅಲ್ಲಿ ಬೆಲ್ಟು ಹೋಯಿತೆಂದರೆ ವಾಲ್ವೂ ಹೋಯಿತೆಂದೇ ಗ್ಯಾರೇಜಿನವರು ಲೆಕ್ಕ ಹಿಡಿಯುತ್ತಾರೆ.

ನಮ್ಮ ಅಪ್ಪಂದಿರ ಕಾಲದ ಕಾರುಗಳಿಗೆ ಈ ಕಾಟ ಇರಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಎಂಜಿನ್ನುಗಳಲ್ಲಿ ಕ್ಯಾಮು ಕೆಳಗೆ, ಕ್ರ್ಯಾಂಕಿನ ಪಕ್ಕದಲ್ಲೇ ಇತ್ತು. ನಡುವೆ ಉಕ್ಕಿನ ಗಿಡ್ಡ ಚೈನು. ಹಳತಾದರೆ ಅದು ಕರಕರ ಸದ್ದು ಮಾಡಿ ಯಜಮಾನರಿಗೆ ಮುನ್ಸೂಚನೆ ಕೊಡುತ್ತಿತ್ತು, ದಿಢೀರನೆ ಕೈಕೊಡುತ್ತಿದ್ದುದು ಅಪರೂಪ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 796 ಸಿ.ಸಿ.ಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್ನು, ಕ್ಯಾಮು ತಲೆಯ ಮೇಲೆ, ಅದನ್ನು ತಿರುಗಿಸಲು ಬೆಲ್ಟು. ಹಗುರ, ನಿಶ್ಶಬ್ದ, ಆಯಿಲ್ಲು ಬೇಡ. ಬಾನೆಟ್ ಎತ್ತಿದ ಮೇಸ್ತ್ರಿಗಳು ತಬ್ಬಿಬ್ಬಾದರು. ಮುಂದೆ ಝೆನ್, ಎಸ್ಟೀಮ್, 1998ರಲ್ಲಿ ಬಂದ ಸ್ಯಾಂಟ್ರೊ, ಅದೇ ವರ್ಷದ ಡೀಸೆಲ್ ಇಂಡಿಕಾ, ಎಲ್ಲವೂ ಬೆಲ್ಟಿನ ಮನೆತನದವೇ. ಭಾರತದ ಮಧ್ಯಮ ವರ್ಗ ಕಾರು ಕಂಡದ್ದೇ ಈ ಗಾಡಿಗಳಲ್ಲಿ. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 800 ಒಂದೇ 25 ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು. ಅವುಗಳಲ್ಲಿ ಉಳಿದವು ಈಗ ಎರಡನೆಯ, ಮೂರನೆಯ ಯಜಮಾನರ ಕೈಯಲ್ಲಿ ಸಣ್ಣ ಊರುಗಳಲ್ಲಿ ಓಡುತ್ತಿವೆ.

ಹಲ್ಲಿನ ರಬ್ಬರು ಪಟ್ಟಿ ಮೊದಲು ಹುಟ್ಟಿದ್ದು ಕಾರಿಗಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕಾಗಿ ಅದನ್ನು ರೂಪಿಸಿದರು. ಮೇಲಿನ ಸೂಜಿ ಮತ್ತು ಕೆಳಗಿನ ಬಾಬಿನ್ನು ಒಂದೇ ತಾಳಕ್ಕೆ ನಡೆಯಬೇಕಿತ್ತು, ಜಾರುವ ಬೆಲ್ಟು ಅದಕ್ಕೆ ಸಾಲುತ್ತಿರಲಿಲ್ಲ. ಕಾರಿಗೆ ಅದನ್ನು ದೊಡ್ಡ ಪ್ರಮಾಣದಲ್ಲಿ ತಂದ ಕೀರ್ತಿ ಜರ್ಮನಿಯ ಬವೇರಿಯದಲ್ಲಿ, ಈಸಾರ್ ನದಿಯ ದಡದ ಡಿಂಗೊಲ್ಫಿಂಗ್ ಎಂಬ ಚಿಕ್ಕ ಪಟ್ಟಣದ್ದು. ಬಿತ್ತನೆ ಕೂರಿಗೆ ಮಾಡುತ್ತಿದ್ದ ಗ್ಲಾಸ್ ಎಂಬ ಮನೆತನದ ಕಂಪನಿ ಸ್ಕೂಟರಿಗೆ ಕೈಹಾಕಿ, ಆಮೇಲೆ 'ಗೊಗ್ಗೊಮೊಬೈಲ್' ಎಂಬ ಬೊಂಬೆಯಂಥ ಕಾರು ಮಾಡಿ, ಕೊನೆಗೆ 1961ರ ಫ್ರಾಂಕ್‌ಫರ್ಟ್ ಮೇಳದಲ್ಲಿ ತನ್ನ 1004 ಮಾದರಿಯನ್ನು ತೋರಿಸಿತು. ಅದರಲ್ಲಿ ಚೈನಿನ ಬದಲು ಹಲ್ಲಿನ ಬೆಲ್ಟು. ದೊಡ್ಡ ಕಂಪನಿಗಳು ಅದನ್ನೇ ಅನುಸರಿಸಿದವು. ಗ್ಲಾಸ್ ಮಾತ್ರ ಉಳಿಯಲಿಲ್ಲ, 1966ರಲ್ಲಿ ಬಿ.ಎಂ.ಡಬ್ಲ್ಯು. ಅದನ್ನು ಕೊಂಡಿತು. ಆ ಪಟ್ಟಣದಲ್ಲಿ ಈಗಲೂ ಬಿ.ಎಂ.ಡಬ್ಲ್ಯು.ನ ದೊಡ್ಡ ಕಾರ್ಖಾನೆಯಿದೆ. ಕೂರಿಗೆ ಮಾಡುವವರ ಕೈಯಿಂದ ಇಂಥದ್ದು ಬಂತೆಂಬುದು ನಮ್ಮ ದಾವಣಗೆರೆ, ಹುಬ್ಬಳ್ಳಿಯ ಲೇತು ಮಾಲೀಕರಿಗೆ ಹೇಳಬೇಕಾದ ಸುದ್ದಿ.

ಪಟ್ಟಿ ನೋಡಲು ಬರೀ ರಬ್ಬರು. ಕತ್ತರಿಸಿದರೆ ಒಳಗೆ ಗಾಜಿನ ನಾರಿನ ಹುರಿಗಳು, ಹಲ್ಲಿನ ಮೇಲೆ ನೈಲಾನ್ ಬಟ್ಟೆಯ ಹೊದಿಕೆ. ಎಳೆದರೆ ಜಗ್ಗದ ಶಕ್ತಿ ಬರುವುದು ಆ ಗಾಜಿನಿಂದ. ಅದರ ದೌರ್ಬಲ್ಯವೂ ಅದೇ. ಪಟ್ಟಿಯನ್ನು ಕಾಗದದಂತೆ ಮಡಿಸಿದರೆ, ಒಳಮೈ ಹೊರಗಾಗುವಂತೆ ತಿರುಚಿದರೆ ಹುರಿಗಳು ಮುರಿಯುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಪಳಗಿದ ಅಂಗಡಿಯವರು ಬೆಲ್ಟನ್ನು ಮಡಿಸಿ ಜೇಬಿಗಿಟ್ಟುಕೊಳ್ಳಲು ಹೋದ ಗಿರಾಕಿಯ ಕೈ ಹಿಡಿದು ತಡೆಯುವುದು ಇದಕ್ಕೇ. 'ಬಾಕ್ಸಲ್ಲೇ ಇಟ್ಕೊಂಡು ಹೋಗಿ ಸಾರ್' ಎಂಬ ಮಾತಿನಲ್ಲಿ ವ್ಯಾಪಾರಕ್ಕಿಂತ ವಿವೇಕ ಹೆಚ್ಚು.

ಬೆಲ್ಟಿಗೆ ಸಾವು ಹಲವು ದಾರಿಯಲ್ಲಿ ಬರುತ್ತದೆ. ಕ್ಯಾಮಿನ ಆಯಿಲ್ ಸೀಲು ಸೋರಿ ಎಣ್ಣೆ ತಾಗಿದರೆ ರಬ್ಬರು ಮೆತ್ತಗಾಗುತ್ತದೆ. ಎಂಜಿನ್ನಿನ ಕಾವಿಗೆ ವರ್ಷಗಟ್ಟಲೆ ಬೆಂದರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್ ರಾಟೆಯ ಬೇರಿಂಗು ಸವೆದರೆ ಓರೆಯಾಗಿ ಓಡಿ ಅಂಚು ಹರಿಯುತ್ತದೆ. ಎಷ್ಟೋ ಕಾರುಗಳಲ್ಲಿ ನೀರಿನ ಪಂಪನ್ನೂ ಇದೇ ಬೆಲ್ಟು ತಿರುಗಿಸುತ್ತದೆ. ಪಂಪು ಬಿಗಿಹಿಡಿದುಕೊಂಡರೆ ಹಲ್ಲುಗಳೇ ಕಿತ್ತು ಹೋಗುತ್ತವೆ. ಆದ್ದರಿಂದ ತಿಳಿದ ಮೆಕ್ಯಾನಿಕ್ಕು ಬೆಲ್ಟು ಬದಲಿಸುವಾಗ ರಾಟೆ, ಸೀಲು, ಅಂಥ ಕಾರಾದರೆ ಪಂಪು ಎಲ್ಲವನ್ನೂ ನೋಡುತ್ತಾನೆ. 'ಬೆಲ್ಟ್ ಒಂದೇ ಹಾಕು, ದುಡ್ಡಿಲ್ಲ' ಎನ್ನುವ ಯಜಮಾನನಿಗೆ ಉಳಿಯುವ ಹಣ ಅಲ್ಪ. ಅದೇ ಭಾಗಕ್ಕೆ ಮತ್ತೆ ಕೈಹಾಕಬೇಕಾಗಿ ಬಂದರೆ ಕೂಲಿ ಎರಡನೆಯ ಸಲ ಪೂರ್ತಿ.

ಇಷ್ಟು ಕಿಲೋಮೀಟರಿಗೆ ಬದಲಿಸಿ ಎಂದು ಕಾರಿನ ಕೈಪಿಡಿ ಹೇಳುತ್ತದೆ. ಗಾಡಿಯಿಂದ ಗಾಡಿಗೆ ವ್ಯತ್ಯಾಸವಿದ್ದರೂ ಹಳೆಯ ಕಾರುಗಳಲ್ಲಿ ಅದು ಸಾಮಾನ್ಯವಾಗಿ 60 ಸಾವಿರದಿಂದ ಒಂದು ಲಕ್ಷದ ನಡುವೆ. ಜೊತೆಗೆ ಇಷ್ಟು ವರ್ಷಕ್ಕೆ ಎಂಬ ಮಾತೂ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ನಿವೃತ್ತ ಮೇಷ್ಟ್ರೊಬ್ಬರ ಕಾರು ಹದಿನೈದು ವರ್ಷದಲ್ಲಿ 30 ಸಾವಿರ ಕಿಲೋಮೀಟರ್ ಓಡಿದೆ, ವಾರಕ್ಕೊಮ್ಮೆ ದೇವಸ್ಥಾನಕ್ಕೆ ಮಾತ್ರ ಹೋಗಿದೆ ಎಂದರೆ ಕೊಳ್ಳುವವರ ಬಾಯಲ್ಲಿ ನೀರೂರುತ್ತದೆ. ರಬ್ಬರಿಗೆ ದೇವಸ್ಥಾನವೂ ಒಂದೇ, ಸಂತೆಯೂ ಒಂದೇ. ನಿಂತಲ್ಲೇ ಅದಕ್ಕೆ ಮುಪ್ಪು ಬರುತ್ತದೆ. ಕಡಿಮೆ ಓಡಿದ ಹಳೆಯ ಕಾರಿನ ಬೆಲ್ಟು ಹೆಚ್ಚು ಓಡಿದ ಹೊಸ ಕಾರಿನ ಬೆಲ್ಟಿಗಿಂತ ಅಪಾಯಕಾರಿ ಎಂಬುದನ್ನು ಒಪ್ಪಿಸಲು ಮೆಕ್ಯಾನಿಕ್ಕುಗಳು ಬಹಳ ಹೆಣಗಬೇಕಾಗುತ್ತದೆ.

ಬೆಂಗಳೂರಿನ ಕಾರುಗಳಿಗೆ ಇನ್ನೊಂದು ಗುಪ್ತ ಲೆಕ್ಕವಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಮೀಟರು ಓಡುವುದಿಲ್ಲ, ಎಂಜಿನ್ನು ಓಡುತ್ತಿರುತ್ತದೆ. ನಿಮಿಷಕ್ಕೆ 800 ಸುತ್ತಿನಂತೆ ದಿನಕ್ಕೊಂದು ಗಂಟೆ ನಿಂತರೆ 48 ಸಾವಿರ ಸುತ್ತು. ವರ್ಷಕ್ಕೆ 300 ದಿನವೆಂದರೂ ಒಂದು ಕೋಟಿ 44 ಲಕ್ಷ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ನಿಮಿಷಕ್ಕೆ 3000 ಸುತ್ತಿನಲ್ಲಿ ಹೋಗುವ ಸಣ್ಣ ಕಾರಿಗೆ ಹೋಲಿಸಿದರೆ ಇದು 4800 ಕಿಲೋಮೀಟರಿಗೆ ಸಮ. ಮೀಟರು ಕಾಣದ ಪ್ರಯಾಣ ಇದು. ಮೇಲಾಗಿ ನಿಂತ ಗಾಡಿಗೆ ಗಾಳಿಯಿಲ್ಲ, ಬಾನೆಟ್ಟಿನ ಒಳಗೆ ಕುದಿ.

ಮಕ್ಕಳಿರುವ ಮನೆಗೆ ಈ ವಿಷಯ ನೇರವಾಗಿ ತಾಗುವುದು ಶಾಲೆಯ ವ್ಯಾನಿನಲ್ಲಿ. 1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದು, ಓಮ್ನಿ ಎಂದು ಹೆಸರಾಗಿ, 2019ರವರೆಗೂ ತಯಾರಾದ ಆ ಡಬ್ಬಿಯಾಕಾರದ ಗಾಡಿಗೆ ಇದ್ದದ್ದೂ 800ರ ಎಂಜಿನ್ನೇ. ಮುಂದಿನ ಸೀಟಿನ ಕೆಳಗೇ ಅದರ ವಾಸ. ಎಷ್ಟೋ ಊರುಗಳಲ್ಲಿ ಒಂದು ತಲೆಮಾರಿನ ಮಕ್ಕಳು ಶಾಲೆ ಸೇರಿದ್ದು ಆ ಬಿಸಿ ಸೀಟಿನ ಹಿಂದೆ, ಬ್ಯಾಗುಗಳ ರಾಶಿಯ ನಡುವೆ ಕುಳಿತು. ಹಳೆಯವು ಈಗಲೂ ಓಡುತ್ತಿವೆ. ಜೂನ್ ಬಂತೆಂದರೆ ತಾಯಂದಿರು ಡ್ರೈವರಣ್ಣನನ್ನು ಕೇಳುವುದು ಎರಡೇ ಪ್ರಶ್ನೆ: ತಿಂಗಳಿಗೆ ಎಷ್ಟು, ಎಷ್ಟು ಗಂಟೆಗೆ ಬರ್ತೀರಿ. ಬ್ರೇಕು, ಟೈರಿನ ಬಗ್ಗೆ ಕೇಳುವವರು ವಿರಳ. ಬೆಲ್ಟು ಬದಲಿಸಿ ಎಷ್ಟು ವರ್ಷವಾಯಿತೆಂದು ಕೇಳಿದವರಿದ್ದರೆ ಡ್ರೈವರಣ್ಣನೇ ಬೆರಗಾದಾನು. ಆದರೆ ದೊಡ್ಡ ರಸ್ತೆಯ ನಡುವೆ, ಹಿಂದೆ ಲಾರಿ ಬರುತ್ತಿರುವಾಗ ಎಂಜಿನ್ನು ಒಮ್ಮೆಲೇ ಸತ್ತ ಗಾಡಿಯೊಳಗೆ ಹತ್ತು ಮಕ್ಕಳಿರುವುದನ್ನು ಊಹಿಸಿಕೊಂಡರೆ ಆ ಪ್ರಶ್ನೆ ವಿಚಿತ್ರವೆನಿಸುವುದಿಲ್ಲ. ಅಣ್ಣಂದಿರನ್ನು ದೂರಿ ಫಲವಿಲ್ಲ. ತಿಂಗಳ ಹಣ ಡೀಸೆಲ್ಲು, ಪೆಟ್ರೋಲು, ಸಾಲದ ಕಂತಿಗೆ ಸರಿಹೋದ ಮೇಲೆ ಹರಿಯದ ಬೆಲ್ಟಿಗೆ ಹಣ ತೆಗೆದಿಡುವುದು ಯಾರಿಗೂ ಕಷ್ಟವೇ. ಬೇಸಿಗೆ ರಜೆಯಲ್ಲಿ ಪೋಷಕರೆಲ್ಲ ಸೇರಿ ಒಂದಿಷ್ಟು ಹಾಕಿ ಮಾಡಿಸಿದರೆ ತಲೆಗೆ ಬೀಳುವುದು ಒಂದು ಹೋಟೆಲ್ ಊಟದ ಖರ್ಚಿಗಿಂತ ಕಡಿಮೆ.

ಘಟ್ಟದ ರಸ್ತೆಯ ಮಾತು ಬೇರೆ. ಮಕ್ಕಳಿಗೆ ರಜೆ ಸಿಕ್ಕಿತೆಂದು ಬಯಲುಸೀಮೆಯವರು ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೊರಡುತ್ತಾರೆ. ಮುಂದೆ ಸಿಗುವುದು ಶಿರಾಡಿ ಇಲ್ಲವೇ ಚಾರ್ಮಾಡಿ. ಅಲ್ಲಿಯ ಇಳಿಜಾರಿನಲ್ಲಿ ಬೆಲ್ಟು ಹರಿದರೆ ಆಕ್ಸಿಲರೇಟರ್ ಒತ್ತಿದರೂ ಉತ್ತರವಿರುವುದಿಲ್ಲ. ಪವರ್ ಸ್ಟೀರಿಂಗ್ ಇದ್ದರೆ ಅದು ಕಲ್ಲಿನಷ್ಟು ಭಾರ. ಬ್ರೇಕಿಗೆ ನೆರವಾಗುವ ಬೂಸ್ಟರಿನಲ್ಲಿ ಎರಡು ಮೂರು ಒತ್ತಿಗೆ ಆಗುವಷ್ಟು ಶಕ್ತಿ ಮಾತ್ರ ಉಳಿದಿರುತ್ತದೆ. ಪೆಡಲನ್ನು ಪದೇ ಪದೇ ತುಳಿದು ಅದನ್ನು ಕಳೆಯಬಾರದು, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಗಾಬರಿಯಲ್ಲಿ ಕೀಲಿ ತೆಗೆದರೆ ಸ್ಟೀರಿಂಗೇ ಬೀಗ ಬಿದ್ದೀತು. ಕ್ಲಚ್ಚು ಒತ್ತಿ, ಎಡಕ್ಕೆ ಸರಿದು, ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೊಂದು ಕಲ್ಲು ಕೊಟ್ಟು ಮಕ್ಕಳನ್ನು ರಸ್ತೆಯಿಂದ ದೂರ ಇಳಿಸುವುದು. ಘಟ್ಟದಲ್ಲಿ ಗಾಡಿ ಓಡಿಸಿ ಪಳಗಿದವರು ಕಲಿಸುವುದು ಇದನ್ನೇ.

ಆ ನಂತರದ ಹತ್ತು ನಿಮಿಷದಲ್ಲಿ ಎಂಜಿನ್ನಿನ ಹಣೆಬರಹ ನಿರ್ಧಾರವಾಗುತ್ತದೆ. ನಮ್ಮಲ್ಲಿ ಕಾರು ನಿಂತರೆ ಸಾಕು, ಎಲ್ಲಿಂದಲೋ ನಾಲ್ಕು ಜನ ಪುಣ್ಯಾತ್ಮರು ಪ್ರತ್ಯಕ್ಷರಾಗುತ್ತಾರೆ. 'ಸೆಕೆಂಡ್ ಗೇರ್ ಹಾಕಿ ಸಾರ್, ತಳ್ತೀವಿ.' ಬ್ಯಾಟರಿ ಸತ್ತಿದ್ದರೆ ಇದು ಸಂಜೀವಿನಿ. ಬೆಲ್ಟು ಹರಿದಿದ್ದರೆ ವಿಷ. ಗೇರಿನಲ್ಲಿ ತಳ್ಳಿದಾಗ ಪಿಸ್ಟನ್ನುಗಳು ಮತ್ತೆ ಏರುತ್ತವೆ, ಮೊದಲ ಹೊಡೆತಕ್ಕೆ ಉಳಿದಿದ್ದ ವಾಲ್ವುಗಳೂ ಬಾಗುತ್ತವೆ. ಪತ್ತೆಗೆ ಒಂದು ಗುರುತಿದೆ. ಬೆಲ್ಟು ಹೋದ ಎಂಜಿನ್ನಿಗೆ ಸೆಲ್ಫ್ ಹೊಡೆದರೆ ಎಂದಿನ ತಡೆತಡೆದ ಸದ್ದು ಇರುವುದಿಲ್ಲ, ಹಗುರವಾಗಿ, ವೇಗವಾಗಿ 'ಝೊಯ್ಯ್' ಎಂದು ತಿರುಗುತ್ತದೆ. ವಾಲ್ವು ಮುಚ್ಚದೆ ಒಳಗೆ ಒತ್ತಡವೇ ಹುಟ್ಟದಿರುವುದರಿಂದ ಹೀಗೆ. ಆ ಸದ್ದು ಒಮ್ಮೆ ಕಿವಿಗೆ ಬಿದ್ದರೆ ಇನ್ನೊಮ್ಮೆ ಕೀಲಿ ತಿರುಗಿಸಬಾರದು. ತಳ್ಳಲು ಬಂದವರಿಗೆ ಕೈಮುಗಿದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಕಾರನ್ನು ಎಳೆಸಿಕೊಂಡೇ ಹೋಗಬೇಕು.

ಹಾಗೆ ಕೆಟ್ಟ ಎಂಜಿನ್ನುಗಳ ಹೆಡ್ಡುಗಳು ಜೆ.ಸಿ. ರಸ್ತೆಯ ಹಿಂದಿನ ಓಣಿಗಳಿಗೆ ಬರುತ್ತವೆ. ಆಟೋದಲ್ಲಿ, ಗೋಣಿಚೀಲದಲ್ಲಿ ಸುತ್ತಿ, ಕೆಲವೊಮ್ಮೆ ಬೈಕಿನ ಹಿಂದೆ ಕುಳಿತವನ ತೊಡೆಯ ಮೇಲೆ. ಲೇತಿನ ಅಂಗಡಿಯವನು ಮೊದಲು ಮಾತಾಡುವುದಿಲ್ಲ. ವಾಲ್ವನ್ನು ಬಿಚ್ಚಿ, ಕಾಂಡವನ್ನು ಬೆರಳುಗಳ ನಡುವೆ ಹಿಡಿದು ಬೆಳಕಿಗೆ ತಿರುಗಿಸುತ್ತಾನೆ. ನಿಂತಾಗ ನೆಟ್ಟಗೆ ಕಂಡದ್ದು ತಿರುಗಿದಾಗ ತಲೆ ಅಲ್ಲಾಡಿಸುತ್ತದೆ. 'ಬೆಂಡ್.' ಇನ್ನೊಂದು. 'ಬೆಂಡ್.' ಕಾದು ನಿಂತ ಯಜಮಾನನ ಮುಖ ಆಗ ನೋಡಲಾಗದು. ಕೆಲವು ನೂರು ಅಥವಾ ಕೆಲವು ಸಾವಿರದಲ್ಲಿ ಮುಗಿಯುತ್ತಿದ್ದ ಕೆಲಸ ಹತ್ತಾರು ಸಾವಿರಕ್ಕೆ ಏರಿದೆ. ಹಳೆಯ ಕಾರಿನಲ್ಲಾದರೆ ಅದು ಕಾರಿನ ಬೆಲೆಯನ್ನೇ ಮುಟ್ಟುತ್ತದೆ. ರಿಪೇರಿ ಮಾಡಿಸುವುದೋ, ಗುಜರಿಗೆ ಹಾಕುವುದೋ? ಎಷ್ಟೋ ಒಳ್ಳೆಯ ಕಾರುಗಳು ತುಕ್ಕಿನಿಂದಲ್ಲ, ಈ ಪ್ರಶ್ನೆಯಿಂದಲೇ ಗುಜರಿ ಸೇರಿವೆ.

ಇದೇ ಓಣಿಗಳಲ್ಲಿ ಐ.ಟಿ.ಐ., ಡಿಪ್ಲೊಮಾ ಓದುವ ಹುಡುಗರನ್ನೂ ಕಾಣಬಹುದು. ತರಗತಿಯಲ್ಲಿ ವಾಲ್ವ್ ಟೈಮಿಂಗ್ ಚಿತ್ರ ಬರೆದು ಅಂಕ ಪಡೆದವನಿಗೂ ಬಾಗಿದ ವಾಲ್ವನ್ನು ಕೈಯಲ್ಲಿ ಹಿಡಿದಾಗ ಆಗುವ ಅರಿವು ಬೇರೆ. ಮಗ ಗ್ಯಾರೇಜಿಗೆ ಹೋಗಿ ಕೈ ಕಪ್ಪು ಮಾಡಿಕೊಂಡು ಬಂದನೆಂದು ಬೇಸರಪಡುವ ತಂದೆತಾಯಿ ಒಮ್ಮೆ ಅವನೊಡನೆ ಇಲ್ಲಿಗೆ ಬಂದು ನೋಡಬೇಕು.

ದೊಡ್ಡ ಗಾಡಿಯವರು ತಮಗೆ ಈ ಭಯವಿಲ್ಲ ಎಂದುಕೊಂಡಿದ್ದರೆ ಅದು ತಪ್ಪು. ನಮ್ಮ ಬಿಡದಿಯ ಕಾರ್ಖಾನೆಯಿಂದ 2005ರಲ್ಲಿ ಹೊರಬಂದ ಇನ್ನೋವಾದ ಡೀಸೆಲ್ ಎಂಜಿನ್ನಿಗೂ ಬೆಲ್ಟೇ. ಅದರ ಡ್ಯಾಶ್‌ಬೋರ್ಡಿನಲ್ಲಿ 'ಟಿ-ಬೆಲ್ಟ್' ಎಂಬ ಪುಟ್ಟ ದೀಪವಿದೆ. ನಿಗದಿತ ಕಿಲೋಮೀಟರ್ ಮುಗಿದೊಡನೆ ಅದು ಹೊತ್ತಿಕೊಳ್ಳುತ್ತದೆ. ಒಳ್ಳೆಯ ಏರ್ಪಾಡು. ಆದರೆ ದೀಪ ಎಣಿಸುವುದು ಕಿಲೋಮೀಟರನ್ನು ಮಾತ್ರ. ಬೆಲ್ಟು ಹೇಗಿದೆಯೆಂದು ಅದು ನೋಡುವುದಿಲ್ಲ. ಬೆಲ್ಟು ಬದಲಿಸದೆ ದೀಪವನ್ನಷ್ಟೇ ಆರಿಸಲೂ ಸಾಧ್ಯ. ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಓಡಿದ ಗಾಡಿಯನ್ನು ಮನೆಮಂದಿಯ ಪ್ರವಾಸಕ್ಕೆಂದು ಕೊಳ್ಳುವವರು ದೀಪ ಆರಿರುವುದನ್ನು ಕಂಡು ಸಮಾಧಾನಪಡಬಾರದು, ಬೆಲ್ಟು ಬದಲಿಸಿದ ಬಿಲ್ಲನ್ನು ಕೇಳಬೇಕು. ಬಿಲ್ಲಿಲ್ಲವೇ? ಬದಲಿಸಿಲ್ಲವೆಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯುವುದು ಜಾಣತನ.

ಕೊಳ್ಳುವ ಜಾಣತನದ ಮಾತು ಬಂದದ್ದರಿಂದ ಹೇಳಬೇಕು: ಬಿಡಿಭಾಗದ ಪೇಟೆ ಎಂದಮೇಲೆ ನಕಲಿ ಮಾಲೂ ಇರುತ್ತದೆ. ಅಸಲಿಯಂಥದೇ ಡಬ್ಬಿ, ಅಕ್ಷರದಲ್ಲಿ ಒಂದು ಸಣ್ಣ ತಪ್ಪು, ಬೆಲೆ ಅರ್ಧ. ಬ್ರೇಕು ಮತ್ತು ಬೆಲ್ಟು, ಇವೆರಡರಲ್ಲಿ ಚೌಕಾಸಿ ಬೇಡ ಎಂಬುದು ಹಳೆಯ ಮೇಸ್ತ್ರಿಗಳ ಮಾತು. ಹಳೆಯ ಬೆಲ್ಟನ್ನೇ ಸ್ಯಾಂಪಲ್ಲಿಗೆ ತಂದು ಹಲ್ಲುಗಳನ್ನು ಎಣಿಸಿ ಹೊಂದಿಸುವವರಿದ್ದಾರೆ. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಎಂಜಿನ್ನು ಹಾಕಿರುವುದುಂಟಾದ್ದರಿಂದ ಇದು ಒಳ್ಳೆಯ ಅಭ್ಯಾಸ. ಚಾಸಿ ನಂಬರ್ ಬರೆದುಕೊಂಡು ಬಂದರೆ ಇನ್ನೂ ಒಳ್ಳೆಯದು. ಗುಜರಿಯಲ್ಲಿ ಬಾಗಿಲು ಸಿಗುತ್ತದೆ, ಗಾಜು ಸಿಗುತ್ತದೆ, ಗೇರ್‌ಬಾಕ್ಸೂ ಸಿಗುತ್ತದೆ, ಎಲ್ಲವನ್ನೂ ಧೈರ್ಯವಾಗಿ ಕೊಳ್ಳಬಹುದು. ಬೆಲ್ಟನ್ನು ಮಾತ್ರ ಅಲ್ಲಿ ಕೊಳ್ಳಬಾರದು.

ಹೊಸ ಕಾರುಗಳಲ್ಲಿ ಚೈನು ಮರಳಿ ಬಂದಿದೆ. ಮಾರುತಿಯ ಕೆ ಸರಣಿಯ ಎಂಜಿನ್ನುಗಳು 2008ರಿಂದ ಚೈನಿನವು. ಡೀಸೆಲ್ ಸ್ವಿಫ್ಟಿನಲ್ಲಿದ್ದದ್ದೂ ಚೈನೇ. ಅದು ಎಂಜಿನ್ನಿನ ಆಯುಷ್ಯದಷ್ಟೇ ಬಾಳಲೆಂದು ಮಾಡಿದ್ದಾದರೂ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದವರ ಗಾಡಿಯಲ್ಲಿ ಉದ್ದವಾಗಿ ಸಡಿಲಗೊಳ್ಳುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ, ಆ ಚಿಂತೆಯೇ ಇಲ್ಲ. ಹಾಗೆಂದು ಅಡ್ಡರಸ್ತೆಯ ಅಂಗಡಿಗಳಲ್ಲಿ ಬೆಲ್ಟಿನ ಡಬ್ಬಿಗಳು ಕಡಿಮೆಯಾದಂತೆ ಕಾಣುವುದಿಲ್ಲ. ಹಳೆಯ ಕಾರು ಸುಲಭಕ್ಕೆ ಸಾಯುವ ಪ್ರಾಣಿಯಲ್ಲ.

ಇಲ್ಲಿಂದ ಹೋದ ಬೆಲ್ಟು ತಿಪಟೂರಿನದೋ ಚಳ್ಳಕೆರೆಯದೋ ಗ್ಯಾರೇಜಿನಲ್ಲಿ ಕೂರುವಾಗ ಕಡೆಯ ಪರೀಕ್ಷೆಯೊಂದು ಬಾಕಿಯಿರುತ್ತದೆ. ಕ್ರ್ಯಾಂಕಿನ ಚಕ್ರದಲ್ಲೊಂದು ಗುರುತು, ಕ್ಯಾಮಿನ ಚಕ್ರದಲ್ಲೊಂದು ಗುರುತು, ಎರಡೂ ತಮ್ಮ ತಮ್ಮ ಗೆರೆಗೆ ನೇರ ನಿಲ್ಲಬೇಕು. ಒಂದು ಹಲ್ಲು ಆಚೀಚೆಯಾದರೂ ಗಾಡಿ ಎಳೆಯುವುದಿಲ್ಲ, ಎರಡು ಮೂರು ತಪ್ಪಿದರೆ ಬಡಿದೀತು. ತಿಳಿದವನು ಬೆಲ್ಟು ಹಾಕಿದೊಡನೆ ಕೀಲಿ ತಿರುಗಿಸುವುದಿಲ್ಲ. ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ ಕೈಯಿಂದಲೇ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸುತ್ತಾನೆ. ಎಲ್ಲೂ ತಡೆಯಲಿಲ್ಲ, ಗುರುತುಗಳು ಮತ್ತೆ ನೇರಕ್ಕೆ ಬಂದವು ಎಂದಾದರೆ ಮಾತ್ರ ಕವರು ಮುಚ್ಚುತ್ತಾನೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಆ ದಿನದ ತಾರೀಖು, ಪಕ್ಕದಲ್ಲಿ ಮೀಟರಿನ ಅಂಕಿ. ಹಳೆಯ ಕಾರು ಕೊಳ್ಳಲು ಹೊರಟವರು ಬಾನೆಟ್ ಎತ್ತಿ ಮೊದಲು ಹುಡುಕಬೇಕಾದ ಬರಹ ಅದು.